ಟೊಮೆಟೊ ಸಾಲಿನಲ್ಲಿ ನಂಬಿಕೆ ಮುರಿದವರು

"ಹದಿಮೂರು ಮಂದಿ ಹೆಣ್ಣುಮಕ್ಕಳು ನಿಷ್ಠೆಯಿಂದ ದುಡಿದರು. ಒಬ್ಬಳು ಮಾತ್ರ ಕೆಲಸ ಕದ್ದಳು. ಒಂದು ಹನಿ ಹುಳಿಗೆ ಕೊಡ ಹಾಲು ಒಡೆಯುವಂತೆ, ಅವಳೊಬ್ಬಳಿಂದ ಇಡೀ ತಂಡದ ಬೀಜ ತಿರಸ್ಕಾರವಾಯಿತು."

ರಾಣೇಬೆನ್ನೂರಿನ ಬೀಜದ ವ್ಯವಹಾರದವರ ಬಾಯಲ್ಲಿ ಈ ಕಥೆ ಹೀಗೆಯೇ ಇದೆ. ಹಾವೇರಿಯ ಸಭಾಂಗಣವೊಂದರಲ್ಲಿ ಕಳೆದ ತಿಂಗಳು ತರಬೇತಿಯವನೊಬ್ಬ ಇದನ್ನೇ ಹೇಳಿದ. ಕುಳಿತವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆ ಟೊಮೆಟೊ ಸಾಲುಗಳಿಗೆ ನೀರು ಬಿಡುತ್ತಿದ್ದವನು ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಾದರೂ, ದೊಡ್ಡವರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪುವ ಅಭ್ಯಾಸ ನನಗಿಲ್ಲ.

ದೇವರಗುಡ್ಡದ ರಸ್ತೆಗೆ ಹತ್ತಿದ ಹೊಲ ಅದು. ನೆರಳು ಬಲೆಯ ಕೆಳಗೆ ಒಂದು ಕಂಪನಿಗಾಗಿ ಹೈಬ್ರಿಡ್ ಬೀಜ ಬೆಳೆಯುತ್ತಿದ್ದರು. ಹೆಂಗಸರದು ಕ್ರಾಸಿಂಗ್ ಕೆಲಸ. ಇಳಿಹೊತ್ತಿನಲ್ಲಿ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಗಂಡು ಗಿಡದ ಪರಾಗವನ್ನು ಆ ಹೂವಿಗೆ ಮುಟ್ಟಿಸಿ, ಗುರುತಿಗಾಗಿ ಹೂವಿನ ಬುಡದ ಎರಡು ಹಸಿರೆಸಳನ್ನು ಕತ್ತರಿಸಬೇಕು. ಪರಾಗಕ್ಕೆ ಅವರು ಪುಡಿ ಎನ್ನುತ್ತಿದ್ದರು. ಗುರುತಿಲ್ಲದ ಕಾಯಿ ತನ್ನಷ್ಟಕ್ಕೆ ತಾನೇ ಕಟ್ಟಿದ್ದು. ಅದನ್ನು ಹುಡುಕಿ ಹರಿದೊಗೆಯಬೇಕು.

ಹೀಗೆ ಹುಡುಕುವುದರಲ್ಲಿ ಅವರದೊಂದು ಪದ್ಧತಿಯಿತ್ತು. ತನ್ನ ಸಾಲನ್ನು ಯಾರೂ ತಾನೇ ನೋಡುತ್ತಿರಲಿಲ್ಲ. ಅದಲು ಬದಲು ಮಾಡಿಕೊಂಡು ಮತ್ತೊಬ್ಬಳ ಸಾಲಿಗೆ ಇಳಿಯುತ್ತಿದ್ದರು. ತನ್ನ ತಪ್ಪು ತನ್ನ ಕಣ್ಣಿಗೆ ಬೀಳದೆಂಬುದು ಅವರಿಗೆ ತಿಳಿದಿತ್ತು.

"ಯವ್ವಾ, ನಿನ್ನ ಸಾಲಿನ್ಯಾಗ ಎರಡು ಕಳ್ಳ ಕಾಯಿ ಸಿಕ್ಕಾವು. ಮಧ್ಯಾಹ್ನದ ನಿದ್ದಿ ಇಲ್ಲೇ ಮಾಡಿದ್ದೇನ?"

"ನಿನ್ನ ಸಾಲಿನ್ಯಾಗ ಐದು ಅದಾವ, ಬಾಯಿ ಮುಚ್ಚು. ಸೊಸಿ ಮ್ಯಾಲಿನ ಸಿಟ್ಟು ಹೂವಿನ ಮ್ಯಾಲ ತೀರಸ್ತಿ."

ನಗುತ್ತ ಕಾಯಿ ಹರಿದು ಬುಟ್ಟಿಗೆ ಒಗೆಯುತ್ತಿದ್ದರು. ಯಾರ ತಪ್ಪೂ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಒಟ್ಟಾಗಿ ದುಡಿಯುವವರ ನಡುವಿನ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಅರ್ಥವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಕಂಪನಿಗೆ ಇದು ಸಾಲಲಿಲ್ಲ. ನಮ್ಮೆಲ್ಲರನ್ನೂ ಟೆಂಪೊದಲ್ಲಿ ತುಂಬಿ ಹಾವೇರಿಗೆ ಒಯ್ದು ತಂಡಕಟ್ಟುವ ತರಬೇತಿ ಕೊಡಿಸಿದರು. ಇಂದಿಗೂ ಆ ಕಥೆ ಹೇಳಿಕೊಂಡು ತಿರುಗುವ ಮನುಷ್ಯನೇ ಅಂದೂ ಬಂದಿದ್ದ.

"ಕಣ್ಣು ಮುಚ್ಚಿ ಹಿಂದಕ್ಕ ಬೀಳ್ರಿ. ಹಿಂದ ನಿಂತವರು ಹಿಡೀತಾರ ಅಂತ ನಂಬ್ರಿ" ಎಂದ.

"ನಾ ಬಿದ್ರ ಹಿಡದವರ ಸೊಂಟಕ್ಕ ಔಷಧ ನೀವ ಕೊಡಸ್ತೀರೇನ್ರಿ, ಸರ?" ಎಂದಳು ನಮ್ಮಲ್ಲಿ ಎಲ್ಲರಿಗಿಂತ ದಪ್ಪನೆಯ ಹೆಂಗಸು.

ಅವಳ ಬೆನ್ನ ಹಿಂದೆ ನಿಂತಿದ್ದವಳು, "ಬೀಳಬ್ಯಾಡ ಯಕ್ಕಾ, ನಾ ಇನ್ನೂ ಇಬ್ಬರು ಮಕ್ಕಳ ಮದಿವಿ ಮಾಡಬೇಕು" ಎಂದಳು. ಹೀಗೆ ಹೇಳಿದವಳ ವಿಷಯವೇ ಈ ಬರಹ. ನಾಲಿಗೆ ಹರಿತ, ಕೈ ಅದಕ್ಕಿಂತ ಹರಿತ. ಮೊಗ್ಗು ನಲುಗದಂತೆ ಬಿಡಿಸುವುದನ್ನು ಹೊಸಬರಿಗೆ ಕಲಿಸಿದವಳು ಅವಳೇ.

ಒಬ್ಬರ ಕೆಲಸವನ್ನು ಮತ್ತೊಬ್ಬರು ತಪಾಸಣೆ ಮಾಡುವುದು ಅನುಮಾನದ ಲಕ್ಷಣ, ನಂಬಿಕೆಯಿದ್ದಲ್ಲಿ ಅದು ಬೇಡ ಎಂದು ತರಬೇತಿಯವನು ಉಪದೇಶಿಸಿದ. ಮರುವಾರ ಪ್ರತಿ ಸಾಲಿನ ತಲೆಗೆ ಒಂದೊಂದು ಹೆಸರಿನ ಫಲಕ ಬಂತು. ಸಾಲು ಬದಲಿಸುವ ಪದ್ಧತಿ ನಿಂತಿತು. ತನ್ನ ಕಳ್ಳ ಕಾಯಿಯನ್ನು ತಾನೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಎಸೆಯುವುದನ್ನು ಹೆಂಗಸರು ಕಲಿತರು.

ಆಮೇಲೆ ಮೋಡ ಮುಚ್ಚಿದ ದಿನಗಳು ಬಂದವು. ಗಂಡು ಹೂವು ಒಣಗದೆ ಪುಡಿ ಸಾಲದಾಯಿತು. ಒಂದು ಬೆಳಿಗ್ಗೆ ಕಂಪನಿಯ ಸೂಪರ್‌ವೈಸರ್ ಬೈಕಿನಲ್ಲಿ ಬಂದು ಅಂಗಿಯ ಕಿಸೆಯಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು, "ತಗೋರಿ, ಲಗೂ ಮುಗಸ್ರಿ" ಎಂದ.

"ಇದು ಯಾವ ಹೊಲದ ಪುಡಿ, ಸಾಹೇಬ್ರ?" ಎಂದು ಕೇಳಿದವಳು ಆ ಹರಿತ ನಾಲಿಗೆಯವಳೊಬ್ಬಳೇ.

"ಪುಡಿ ಅಂದ್ರ ಪುಡಿ. ನಿನಗ್ಯಾಕ ಉಸಾಬರಿ?"

"ನಾಳೆ ಗಿಡ ಬ್ಯಾರೆ ಬಂದ್ರ ನಮ್ಮ ಮ್ಯಾಲ ಬರ್ತೈತಲ್ರಿ."

"ಟ್ರೇನಿಂಗ್‌ನ್ಯಾಗ ಏನ್ ಹೇಳ್ಯಾರ? ಟೀಮ್ ಅಂದ ಮ್ಯಾಲ ನಂಬಬೇಕು."

"ಆತು ಬಿಡವಾ," ಎಂದು ದಪ್ಪನೆಯ ಹೆಂಗಸು ನಕ್ಕಳು, "ಇವತ್ತ ಮನಿತನ ಕೇಳದ ಲಗ್ನ ಮಾಡೂಣು."

ಮೂರು ದಿನ ಹದಿನಾಲ್ಕು ಮಂದಿಯೂ ಅದೇ ಪುಡಿ ಮುಟ್ಟಿಸಿದರು. ಎರಡು ಮಾರು ದೂರದಲ್ಲಿ ನೀರಿನ ವಾಲ್ವ್ ತಿರುಗಿಸುತ್ತಿದ್ದ ನಾನು ಎಲ್ಲವನ್ನೂ ಕೇಳಿದೆ, ಬಾಯಿ ಬಿಡಲಿಲ್ಲ.

ಕೊಯ್ಲು ಮುಗಿದ ಮೇಲೆ ಕಂಪನಿಯವರು ಆ ಬೀಜದಲ್ಲಿ ಒಂದಿಷ್ಟನ್ನು ಬಿತ್ತಿ ಪರೀಕ್ಷಿಸಿದರು. ಬೀಜ ಶುದ್ಧವಿಲ್ಲವೆಂದು ವರದಿ ಬಂತು. ಸೂಪರ್‌ವೈಸರ್ ನಮ್ಮನ್ನೆಲ್ಲ ಬಲೆಯ ಕೆಳಗೆ ಕೂಡಿಸಿ, ಒಬ್ಬಳು ಮೊಗ್ಗು ಬಿಡಿಸದೆ ಹಾಗೆಯೇ ಬಿಟ್ಟಿದ್ದಾಳೆ ಎಂದು ಆರೋಪಿಸಿ, ಪುಡಿಯ ಬಗ್ಗೆ ಪ್ರಶ್ನೆ ಕೇಳಿದ್ದವಳ ಹೆಸರನ್ನೇ ಹೇಳಿದ.

"ಹೌದು ಅನ್ನೋರು ಕೈ ಎತ್ರಿ. ಇಲ್ಲಾಂದ್ರ ಮುಂದಿನ ಹಂಗಾಮಿಗೆ ನೀವ್ಯಾರೂ ಬರೂದು ಬ್ಯಾಡ."

ಕೈಗಳು ಒಂದೊಂದಾಗಿ ಎದ್ದವು. ನನ್ನದೂ ಎದ್ದಿತು. ಮೊಣಕೈಯವರೆಗೆ ಮಾತ್ರ ಎತ್ತಿದ್ದೆನೆಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದನ್ನು ನೆನೆದರೆ ಸೂಪರ್‌ವೈಸರನಿಗಿಂತ ನನ್ನ ಮೇಲೆಯೇ ಹೆಚ್ಚು ಹೇಸಿಕೆಯಾಗುತ್ತದೆ. ಅವಳು ಸೆರಗಿನಿಂದ ಚಿಮಟವನ್ನು ಒರೆಸಿ ಕಟ್ಟೆಯ ಮೇಲಿಟ್ಟಳು. "ಇದು ಕಂಪನೀದು. ಇಟ್ಟೇನಿ ನೋಡ್ಕೊಳ್ರಿ" ಎಂದು ಹೊರಟುಹೋದಳು. ಅಂದಿನಿಂದ ಆ ಸುತ್ತಿನ ಯಾವ ಬೀಜದ ಹೊಲದಲ್ಲೂ ಅವಳಿಗೆ ಕೆಲಸವಿಲ್ಲ. ಅವಳು ತಲುಪುವ ಮೊದಲೇ ಕಥೆ ಅಲ್ಲಿಗೆ ತಲುಪಿರುತ್ತದೆ.

ವರದಿಯ ಒಂದು ಪ್ರತಿಯನ್ನು ಕಂಪನಿಯವರು ಹೊಲದ ಮಾಲೀಕರಿಗೂ ಕೊಟ್ಟಿದ್ದರು. ಇಂಗ್ಲಿಷಿನಲ್ಲಿದ್ದ ಅದನ್ನು ಅವರು ಮಡಚಿ ಇಟ್ಟುಬಿಟ್ಟಿದ್ದರು. ನಾನು ಅದರ ಝೆರಾಕ್ಸ್ ತೆಗೆಸಿಕೊಂಡು, ನಿಘಂಟು ಹಿಡಿದು, ಹಾವೇರಿಯ ಗ್ರಂಥಾಲಯದಲ್ಲಿ ಬೀಜೋತ್ಪಾದನೆಯ ಪುಸ್ತಕ ಹುಡುಕಿ, ಸಾಲು ಸಾಲಾಗಿ ಓದಿದೆ. ಕೆಟ್ಟ ಗಿಡಗಳಿಗೆ ಅದರಲ್ಲಿ ಎರಡು ಕಾಲಂ ಇವೆ: ತಾಯಿ ಗಿಡವನ್ನೇ ಹೋಲುವವು ಒಂದರಲ್ಲಿ, ಅನ್ಯ ತಳಿಯವು ಇನ್ನೊಂದರಲ್ಲಿ. ಮೊಗ್ಗು ಬಿಡಿಸದೆ ಬಿಟ್ಟರೆ ಹುಟ್ಟುವ ಗಿಡ ತಾಯಿಯಂತೆಯೇ ಇರುತ್ತದೆ. ಬೇರೆ ಹೊಲದ ಪುಡಿ ಬಿದ್ದರೆ ಅದು ಅನ್ಯ ತಳಿಯಾಗುತ್ತದೆ. ವರದಿಯಲ್ಲಿ ಮೊದಲ ಕಾಲಂ ಬಹುತೇಕ ಬರಿದು, ಕೆಟ್ಟದ್ದೆಲ್ಲ ಎರಡನೆಯದರಲ್ಲಿದೆ.

ಸೂಪರ್‌ವೈಸರನಿಗೆ ತೋರಿಸಿದೆ. "ಅಜ್ಜಾರ, ನೀರು ಬಿಡೋರು ನೀರು ಬಿಡ್ರಿ" ಎಂದ. ಕಳೆದ ತಿಂಗಳು ಸಭಾಂಗಣದಲ್ಲಿ ತರಬೇತಿಯವನ ಮುಂದೆಯೂ ಹಿಡಿದೆ. ಅವನು ಸಾವಕಾಶವಾಗಿ ನೋಡಿ, ನಗುತ್ತ ಹಿಂದಕ್ಕೆ ಕೊಟ್ಟ. "ಇರಬಹುದ್ರಿ. ಆದ್ರ ಈ ಕಥಿ ಹೇಳಿದ್ರ ಮಂದಿ ಕಿವಿಗೊಟ್ಟು ಕೇಳ್ತಾರ ನೋಡ್ರಿ." ಒಂದು ಜೀವದ ಅನ್ನ ಕಿತ್ತುಕೊಂಡ ಸುಳ್ಳು ಅವನಿಗೆ ಕೆಲಸಕ್ಕೆ ಬರುವ ಉದಾಹರಣೆ!

ಮರುದಿನ ಬ್ಯಾಡಗಿಗೆ ಹೋದೆ. ಗೋದಾಮೊಂದರಲ್ಲಿ ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು. ಬೆರಳುಗಳಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಳು. ವರದಿ ಓದಿ ಹೇಳಿದೆ.

"ಇದನ್ನ ಯಾರ್‍ಯಾರಿಗೆ ತೋರಿಸೀರಿ, ಅಜ್ಜಾರ?"

ಹೇಳಿದೆ.

"ಅವರಿಗ್ಯಾಕ? ಅವರಿಗೆ ಗೊತ್ತ ಐತಿ. ಕೈ ಎತ್ತಿದವರಿಗೆ ತೋರಸ್ರಿ. ನಿಮ್ಮ ಕೈನೂ ಇತ್ತಲ್ಲ."

ಅವಳ ಮಾತಿನಂತೆ ಮನೆಮನೆಗೆ ಹೊರಟೆ. ಒಂದೆರಡು ಕಡೆ ಬಾಗಿಲು ಮುಚ್ಚಿಕೊಂಡರು. ದಪ್ಪನೆಯ ಹೆಂಗಸು ಒಳಗೆ ಕರೆದು ಕೂರಿಸಿ ಪೂರ್ತಿ ಕೇಳಿದಳು.

"ಇದನ್ನ ಓದಾಕ ಇಷ್ಟು ದಿವಸ ಬೇಕಾತೇನ್ರಿ? ನಮಗ ಅವತ್ತ ಗೊತ್ತಿತ್ತು. ಪುಡಿ ನಮ್ಮ ಬೆರಳಿಗೇ ಹತ್ತಿತ್ತಲ್ರಿ."

ಅಜ್ಞಾನದಿಂದ ಕೈ ಎತ್ತಿದ್ದರೆಂದು ನಾನು ನಂಬಿಕೊಂಡಿದ್ದೆ. ಅದೂ ಸುಳ್ಳಾಯಿತು. ಪೆನ್ನು ಕೊಟ್ಟೆ. ಅವಳು ಝೆರಾಕ್ಸ್ ಹಾಳೆಯನ್ನು ತಿರುವಿ ಬೆನ್ನಿಗೆ ಬರೆದು ಸಹಿ ಹಾಕಿದಳು: ಆ ಡಬ್ಬಿಯ ಪುಡಿಯನ್ನು ನಾವೆಲ್ಲರೂ ಮೂರು ದಿನ ಮುಟ್ಟಿಸಿದೆವು, ಅದು ಯಾವ ಹೊಲದ್ದೆಂದು ಕೇಳಿದವಳು ಅವಳೊಬ್ಬಳೇ.

ಆ ಹಾಳೆಯನ್ನು ಹೊಲದ ಮಾಲೀಕರು ಮೂಲ ವರದಿಯೊಂದಿಗೆ ಲಗತ್ತಿಸಿ ಇಟ್ಟಿದ್ದಾರೆ, ಕೇಳಿದವರಿಗೆ ತೋರಿಸುತ್ತಾರೆ. ಎರಡು ಕಾಲಂ ಎರಡನೆಯ ಪುಟದಲ್ಲಿವೆ. ಹಾಳೆಯ ಬೆನ್ನಿಗೆ ಸದ್ಯ ಎರಡು ಸಹಿಗಳಿವೆ: ದಪ್ಪನೆಯ ಹೆಂಗಸಿನದು, ಅದರ ಕೆಳಗೆ ನನ್ನದು.