ಅಂಗೈ ಮೇಷ್ಟ್ರು ಮತ್ತು ನಾಲ್ಕು ಟೈರು

ಅಂಗೈ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈರು ನೋಡಿದವರು, ಅಷ್ಟೇ. ಮೊದಲ ಬಸ್ಸು ಹೊರಡುವ ಮುಂಚೆ ಸಾಲಾಗಿ ನಿಂತ ಗಾಡಿಗಳ ಪಕ್ಕದಲ್ಲಿ ನಡೆಯುತ್ತ, ಒಂದೊಂದು ಟೈರಿನ ಮೇಲೂ ಅಂಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರುವುದು ಅವರ ಕೆಲಸ. ಮುಂದಕ್ಕೆ ನಯವಾಗಿದ್ದು ಹಿಂದಕ್ಕೆ ತರಿತರಿಯಾಗಿ ಸಿಕ್ಕಿದರೆ ಚಕ್ರ ಓರೆಯಾಗಿ ಉರುಳುತ್ತಿದೆ ಎಂದು ಅರ್ಥ. ಒಳಅಂಚಿನಲ್ಲಿ ಮುಳ್ಳಿನಂತೆ ಏನೋ ತಾಗಿದರೆ ರಬ್ಬರು ಸವೆದು ತಂತಿ ಹೊರಬಂದಿದೆ ಎಂದು ಅರ್ಥ. ಅವರು ಟಾರ್ಚು ಹಿಡಿದವರಲ್ಲ, ಬಗ್ಗಿ ನೋಡಿದವರೂ ಅಲ್ಲ. ಅವರು "ಹೋಗ್ಲಿ" ಎನ್ನುವ ತನಕ ಯಾವ ಡ್ರೈವರೂ ಸೀಟು ಹತ್ತುತ್ತಿರಲಿಲ್ಲ. ಹೊಸದಾಗಿ ಬಂದ ಮ್ಯಾನೇಜರೊಬ್ಬರು ಅಳತೆ ಮಾಡುವ ಕಡ್ಡಿ ತಂದುಕೊಟ್ಟಾಗ ಮೇಷ್ಟ್ರು ಅದನ್ನು ಮರ್ಯಾದೆಯಿಂದ ತೆಗೆದುಕೊಂಡು ಹೋಗಿ ಕಿಟಕಿ ಬಡಿದುಕೊಳ್ಳದಂತೆ ಸಿಕ್ಕಿಸಿಟ್ಟಿದ್ದರು. ನಿವೃತ್ತಿಯ ದಿನವೂ ಅದು ಅಲ್ಲೇ ಇತ್ತು.

ಇಂಥ ಮನುಷ್ಯನಿಗೆ ಈಗ ಅರವತ್ತಮೂರನೇ ವಯಸ್ಸಿನಲ್ಲಿ ತನ್ನ ಕೈ ಕಂಡರೆ ಭಯ.

ಭಯ ಶುರುವಾದದ್ದು ಒಂದು ಬಿಸಿ ಲೋಟದಿಂದ. ಸ್ಟವ್ವಿನ ಮೇಲಿಂದ ಆಗಷ್ಟೇ ಇಳಿಸಿದ ನೀರಿನ ಲೋಟವನ್ನು ಹಾಗೇ ಹಿಡಿದುಕೊಂಡು ಪೇಪರು ಓದುತ್ತಿದ್ದರು. ಮೊಮ್ಮಗಳು ಅದನ್ನು ಮುಟ್ಟಿ, ಚುರ್ ಎಂದು ಕೈ ಎಳೆದುಕೊಂಡಳು. "ತಾತ, ನಿಂಗೆ ಸುಡಲ್ವಾ?" ಎಂದಳು. ಮೇಷ್ಟ್ರು ನಕ್ಕು, "ತಾತನ ಕೈ ಅಂದ್ರೆ ಏನಂದ್ಕೊಂಡಿದೀಯ!" ಎಂದು ಜಂಬ ಕೊಚ್ಚಿದರು. ಆಮೇಲೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ಬೆರಳುಗಳನ್ನು ನೋಡಿದರು. ಎರಡು ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ.

ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಗಳು ನರ್ಸು. ತಿಂಗಳಿಗೊಮ್ಮೆ ತಪ್ಪದೆ ಕೇಳುತ್ತಿದ್ದಳು: "ಅಪ್ಪ, ಕೈಕಾಲು ಜೋಮು ಹಿಡಿಯುತ್ತಾ? ಮುಟ್ಟಿದ್ದು ಗೊತ್ತಾಗುತ್ತಾ?" ಅವರು ತಿಂಗಳಿಗೊಮ್ಮೆ ತಪ್ಪದೆ "ಗಟ್ಟಿಮುಟ್ಟಾಗಿದೀನಿ, ನಿನ್ನ ಪೇಶೆಂಟುಗಳನ್ನ ನೋಡ್ಕೋ ಹೋಗು" ಎನ್ನುತ್ತಿದ್ದರು. ಬೊಬ್ಬೆ ಎದ್ದ ತಿಂಗಳೂ ಅದೇ ಉತ್ತರ ಕೊಟ್ಟರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ರೂಢಿಯಾಗಿತ್ತು ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಇಂಥ ಸಮಾಧಾನಗಳಿಗೆ ಆಯಸ್ಸು ಕಡಿಮೆ.

ಮಗಳು ವಾರಕ್ಕೆರಡು ದಿನ ಔಷಧಿಯ ಪೆಟ್ಟಿಗೆಗಳನ್ನು ತುಂಬಿಕೊಂಡು ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗುತ್ತಿದ್ದಳು. ಅದಕ್ಕೆಂದೇ ಏಳು ಸೀಟಿನ ಎತ್ತರದ ದೊಡ್ಡ ಗಾಡಿಯೊಂದನ್ನು ಇಟ್ಟುಕೊಂಡಿದ್ದಳು. ಮೊಮ್ಮಗಳ ಶಾಲೆಯೂ ಅದೇ ದಾರಿಯಲ್ಲಿ, ಏಳನೇ ತಿರುವು ದಾಟಿದ ಮೇಲೆ. ಬೆಟ್ಟದ ಬುಡದಲ್ಲಿ ಟಾರು ಕಾದು ಮೆತ್ತಗಾಗಿದ್ದರೆ ನಡುವೆ ಮಳೆ ಹನಿಯುತ್ತಿರುತ್ತದೆ, ಚಳಿಗಾಲದ ಬೆಳಿಗ್ಗೆ ತುದಿಯಲ್ಲಿ ರಸ್ತೆಯ ಮೇಲೆ ತೆಳ್ಳಗೆ ಮಂಜು ಕೂತಿರುತ್ತದೆ. ಆ ಗಾಡಿಯ ಟೈರುಗಳನ್ನು ಮೂರು ವಾರಕ್ಕೊಮ್ಮೆ ಸವರಿ "ಹೋಗ್ಲಿ" ಎನ್ನುವುದು ಮೇಷ್ಟ್ರಿಗೆ ಉಳಿದಿದ್ದ ಒಂದೇ ಉದ್ಯೋಗ. ಕಳೆದ ಸಲವೂ ಸವರಿದ್ದರು. ನಾಲ್ಕೂ ನಯವಾಗಿದ್ದವು. ನಯವಾಗಿ ಇರದೆ ಇನ್ನೇನು, ಆ ಕೈಗೆ ಆಗ ಉಪ್ಪುಕಾಗದ ಕೊಟ್ಟಿದ್ದರೂ ನಯವೇ.

ಅದಾದ ಎರಡು ವಾರಕ್ಕೆ ಜಿಟಿಜಿಟಿ ಮಳೆಯಲ್ಲಿ ಮೂರನೇ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿತು. ಜಾರಿ, ಅರ್ಧ ಸುತ್ತು ತಿರುಗಿ, ರಸ್ತೆಯಂಚಿನ ಮೈಲುಗಲ್ಲಿಗೆ ತಗುಲಿ ನಿಂತಿತು. ಕಲ್ಲಿನ ಆಚೆ ಏನೂ ಇಲ್ಲ, ಇಳಿಜಾರು. ಮನೆಗೆ ಬಂದು ಮಗಳು ನಗುತ್ತಲೇ ಹೇಳಿದಳು.

"ಇವತ್ತು ಗಾಡಿ ಒಂದು ಕುಣಿತ ಹಾಕ್ತು ಅಪ್ಪ. ಯಾರೋ ರಸ್ತೆ ಮೇಲೆ ಎಣ್ಣೆ ಚೆಲ್ಲಿರ್ಬೇಕು."

"ಅಮ್ಮ ಜೋರಾಗಿ ಕಿರುಚಿದ್ಲು," ಎಂದಳು ಮೊಮ್ಮಗಳು ಷೂ ಬಿಚ್ಚುತ್ತ. "ನಾನು ಕಿರುಚ್ಲಿಲ್ಲ."

"ಟೈರು..." ಎಂದರು ಮೇಷ್ಟ್ರು.

"ಟೈರಲ್ಲ ಬಿಡು. ನೀನೇ ನೋಡಿದ್ಯಲ್ಲ."

ಮೇಷ್ಟ್ರು ಕೋಣೆಗೆ ಹೋಗಿ ಅಂಗಿಯ ಜೇಬಿಗೆ ಒಂದು ನಾಣ್ಯ, ಒಂದು ಬೀಗದ ಕೈ, ಒಂದು ಗುಂಡಿ ಹಾಕಿ, ಕಣ್ಣು ಮುಚ್ಚಿ, ಕೈ ಬಿಟ್ಟು ಹುಡುಕಿದರು. ಬೀಗದ ಕೈ ಎಂದುಕೊಂಡು ತೆಗೆದರೆ ಗುಂಡಿ ಬಂತು. ನಾಣ್ಯ ಎಂದುಕೊಂಡು ತೆಗೆದರೆ ಕೈಯಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಅವರಿಗೆ ಊಟ ರುಚಿಸಲಿಲ್ಲ. ಗಾಡಿ ಗೇಟು ದಾಟಿದರೆ ಸಾಕು, ಕೂತಲ್ಲಿಂದ ಎದ್ದುಬಿಡುತ್ತಿದ್ದರು. ಅದು ಮರಳಿ ಬಂದ ಸದ್ದು ಕೇಳುವವರೆಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದರು. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ ಗಾಡಿ ಮೈಲುಗಲ್ಲಿಗೆ ತಗುಲಿದ್ದು ತನ್ನ ಕೈಯಿಂದಲೇ ಎಂಬುದೂ ಹೊರಬರುತ್ತದಲ್ಲ, ಅದಕ್ಕೇ ಹೆದರಿಕೆ. ಕೊನೆಗೆ ಒಂದು ಅಡ್ಡದಾರಿ ಹಿಡಿದರು.

"ನಾಲ್ಕೂ ಟೈರು ಬದಲಾಯಿಸಿಬಿಡೋಣ. ಎಲ್ಲ ಕಾಲಕ್ಕೂ ಆಗುವಂಥವು ಬರ್ತವಲ್ಲ, ಆಲ್ ಸೀಸನ್ನು, ಅವು ಹಾಕ್ಸೋಣ."

"ಮೊನ್ನೆ ತಾನೇ ಚೆನ್ನಾಗಿದೆ ಅಂದೆ?"

"ಚಳಿ ಬರ್ತಾ ಇದೆ ಕಣೇ. ಮೇಲ್ಗಡೆ ಮಂಜು ಬೀಳುತ್ತೆ."

ಮಗಳು ಒಪ್ಪಿದಳು. ಟೈರಿನ ವಿಷಯದಲ್ಲಿ ಅಪ್ಪನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಟೈರಿನ ಅಂಗಡಿಯವನು ಮೇಷ್ಟ್ರ ಹಳೆಯ ಶಿಷ್ಯ. ಡಿಪೋದಲ್ಲಿ ಅವರ ಕೈಕೆಳಗೆ ಒಂಬತ್ತು ವರ್ಷ ದುಡಿದು ಆಮೇಲೆ ಸ್ವಂತ ಅಂಗಡಿ ಹಾಕಿದ್ದ. ಈಗ ಹೊಟ್ಟೆ ಬಂದಿತ್ತು, ತಲೆ ಬೋಳಾಗಿತ್ತು, ಆದರೂ ಮೇಷ್ಟ್ರನ್ನು ಕಂಡೊಡನೆ ಎದ್ದು ನಿಂತು ಕುರ್ಚಿಯನ್ನು ಬಟ್ಟೆಯಿಂದ ಒರೆಸಿದ. ಮೊಮ್ಮಗಳು ಆ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ನಿಂತೇ ಇದ್ದರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲದಲ್ಲಿ ಅವರಿಗೆ ಅದರಷ್ಟು ಇಷ್ಟದ ವಾಸನೆ ಇನ್ನೊಂದಿರಲಿಲ್ಲ. ಇವತ್ತು ವಾಕರಿಕೆ ಬಂತು.

"ಈ ಅಳತೇದು ದೊಡ್ಡ ಗಾಡಿಗೆ ಮಾತ್ರ ಆಗೋದು ಅಕ್ಕ, ಜಾಸ್ತಿ ತರಿಸಲ್ಲ," ಎಂದ ಶಿಷ್ಯ ಮಗಳಿಗೆ. "ಆಲ್ ಸೀಸನ್ನು ಇರೋದು ಇದೊಂದೇ ಸೆಟ್ಟು. ಬೇರೆ ಬೇಕಂದ್ರೆ ಒಂದು ವಾರ ಕಾಯ್ಬೇಕು."

"ನಾಳೆ ಲಸಿಕೆ ದಿನ. ಇವತ್ತೇ ಆಗ್ಬೇಕಿತ್ತು."

ಶಿಷ್ಯ ನಾಲ್ಕು ಟೈರುಗಳನ್ನು ಉರುಳಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದ. ನೋಡಲು ಲಕ್ಷಣವಾಗಿದ್ದವು. ಆಳವಾದ ಗೆರೆಗಳು, ಅವುಗಳ ನಡುವೆ ನೀರು ಹೀರಿ ಬಿಡಲು ಕೂದಲೆಳೆಯಂಥ ಸೀಳುಗಳು. ಆದರೆ ಶಿಷ್ಯ ತಲೆ ಕೆರೆದುಕೊಳ್ಳುತ್ತಿದ್ದ.

"ಒಂದು ಅನುಮಾನ ಇದೆ ಮೇಷ್ಟ್ರೇ, ನಿಮ್ಮ ಹತ್ರ ಮುಚ್ಚಿಡಲ್ಲ. ತಾರೀಕು ನೋಡಿದ್ರೆ ವಯಸ್ಸಾಗಿಲ್ಲ. ಆದ್ರೆ ಬೇಸಿಗೆ ಪೂರ್ತಿ ಗೋದಾಮಿನ ತಗಡಿನ ಕೆಳಗೆ, ಕಿಟಕಿ ಬಿಸಿಲಿಗೆ ಇದ್ವು. ರಬ್ಬರು ಗಟ್ಟಿಯಾಗಿದ್ರೆ ಮಳೇಲಿ ಹಿಡಿತ ಇರಲ್ಲ. ನಾನು ಒತ್ತಿ ನೋಡ್ದೆ, ಹೌದು ಅಂತಲೂ ಅನ್ಸುತ್ತೆ, ಇಲ್ಲ ಅಂತಲೂ ಅನ್ಸುತ್ತೆ. ನೀವು ಒಂದ್ಸಲ ಹೆಬ್ಬೆರಳು ಇಟ್ಟುಬಿಡಿ. ನೀವು ಬೇಡ ಅಂದ್ರೆ ಈಗ್ಲೇ ವಾಪಸ್ ಕಳಿಸ್ತೀನಿ."

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಮಗಳು ಅಲ್ಲೇ ನಿಂತು ಫೋನಿನಲ್ಲಿ ನಾಳೆಯ ಪೆಟ್ಟಿಗೆಗಳ ಲೆಕ್ಕ ಹೇಳುತ್ತಿದ್ದಳು. ಮೊಮ್ಮಗಳು ಕಾಲು ಅಲ್ಲಾಡಿಸುತ್ತ ತಾತನನ್ನೇ ನೋಡುತ್ತಿದ್ದಳು. ಅವರು ಬಗ್ಗಿ ಮೊದಲ ಟೈರಿಗೆ ಹೆಬ್ಬೆರಳು ಒತ್ತಿದರು. ಏನೂ ತಿಳಿಯಲಿಲ್ಲ. ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತಿದರು. ರಬ್ಬರೋ ಕಲ್ಲೋ ಬೆಣ್ಣೆಯೋ, ದೇವರಿಗೇ ಗೊತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು.

"ಪರವಾಗಿಲ್ಲ," ಎಂದರು. "ಹಾಕು."

"ಅಷ್ಟು ಸಾಕು!" ಎಂದು ಶಿಷ್ಯ ಜಾಕು ಎಳೆದುಕೊಂಡ.

ಮೇಷ್ಟ್ರ ಬಾಯಿಂದ ಮಾತು ಹೊರಟಾಗಿತ್ತು. ಆ ಮಾತಿಗೆ ಎಷ್ಟು ತೂಕವಿದೆಯೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಶಿಷ್ಯನಿಗಿದ್ದ ಅನುಮಾನ ಅದರೊಂದಿಗೇ ಮಾಯವಾಗಿತ್ತು. ಅವನು ಶಿಳ್ಳೆ ಹಾಕುತ್ತ ಗಾಡಿಯ ಹಿಂಭಾಗ ಎತ್ತಿದ, ಚಕ್ರ ಬಿಚ್ಚಿ, ಅದರ ಹಳೆಯ ಟೈರನ್ನು ಕಳಚಿ ಮೇಷ್ಟ್ರ ಕಾಲ ಬಳಿ ಒರಗಿಸಿದ. ಅವನು ರಿಮ್ಮಿಗೆ ಹೊಸ ಟೈರು ಕೂರಿಸಿ ಗಾಳಿ ತುಂಬುವಾಗ ಅದು ಢಪ್ ಎಂದು ಅಂಚಿಗೆ ಕೂತ ಸದ್ದಿಗೆ ಮೇಷ್ಟ್ರು ಬೆಚ್ಚಿಬಿದ್ದರು. ನಾಳೆ ಬೆಳಿಗ್ಗೆ, ಮೂರನೇ ತಿರುವು. ಅಲ್ಲಿ ಒಂದು ಮೈಲುಗಲ್ಲಿದೆ. ಅದು ಎರಡನೇ ಸಲವೂ ತಡೆಯುತ್ತದೆಯೇ?

ಕೈಯನ್ನು ಎಲ್ಲಾದರೂ ಇಡಬೇಕಿತ್ತು. ಹಳೆಯ ಟೈರಿನ ಮೇಲೆ ಇಟ್ಟರು. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿತು, ಒಳಅಂಚಿಗೂ ಹೋಗಿಬಂತು. ನಯವಾಗಿತ್ತು. ಕೈ ಎತ್ತಿ ನೋಡಿದರೆ ಅಂಗೈ ಅಡ್ಡಡ್ಡ ಸೀಳಿ ರಕ್ತ ಮಣಿಕಟ್ಟಿಗೆ ಹರಿಯುತ್ತಿತ್ತು. ಒಳಅಂಚಿನಲ್ಲಿ ಗೇಣುದ್ದಕ್ಕೂ ತಂತಿಗಳು ಬಾಯಿಬಿಟ್ಟು ನಿಂತಿದ್ದವು.

ಅವರು ಥಟ್ಟನೆ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದರು. ಯಾರೂ ನೋಡಿರಲಿಲ್ಲ. ಜೇಬಿನೊಳಗೆ ಬಟ್ಟೆ ಒದ್ದೆಯಾಗುತ್ತಿರಬೇಕು, ಅದೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮಗಳು ಫೋನು ಮುಗಿಸಿ ಒಳಗೆ ಬಂದಳು.

"ಆ ಟೈರು ಬಿಸಿಲಿಗಿತ್ತು ಅಂತಿದ್ರಿ?" ಎಂದು ಶಿಷ್ಯನನ್ನು ಕೇಳಿದಳು.

"ಮೇಷ್ಟ್ರು ನೋಡಿದಾರೆ ಅಕ್ಕ."

"ಹಾಗಾದ್ರೆ ಮುಗೀತು ಬಿಡಿ," ಎಂದಳು. ಮೊಮ್ಮಗಳ ಕಡೆ ತಿರುಗಿ, "ನಾಳೆ ನಿಂಗೆ ಹೊಸ ಟೈರಲ್ಲಿ ಸವಾರಿ," ಎಂದಳು.

"ನಿಲ್ಸು," ಎಂದರು ಮೇಷ್ಟ್ರು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಯಾರಿಗೂ ಕೇಳಲಿಲ್ಲ. ಜೇಬಿನಿಂದ ಕೈ ತೆಗೆದು ಮುಂದೆ ಚಾಚಿದರು. "ನಿಲ್ಸೋ ಮಾರಾಯ!"

ಮೊಮ್ಮಗಳು ಕುರ್ಚಿಯಿಂದ ಇಳಿದಳು. ಶಿಷ್ಯನ ಕೈಯಿಂದ ಸ್ಪ್ಯಾನರು ಬಿತ್ತು. ಮಗಳು ಓಡಿಬಂದು ಅಪ್ಪನ ಮಣಿಕಟ್ಟು ಹಿಡಿದು, ಚೀಲದಿಂದ ಹತ್ತಿ ತೆಗೆದು ಒತ್ತಿದಳು. "ಅಯ್ಯೋ, ಇಷ್ಟು ಆಳ ಕೊಯ್ದಿದೆ, ಒಂದು ಕೂಗೂ ಹಾಕ್ಲಿಲ್ವಲ್ಲ ನೀನು!"

"ಗೊತ್ತಾಗ್ಲಿಲ್ಲ."

ಅವಳು ತಲೆ ಎತ್ತಿದಳು. ನರ್ಸಿಗೆ ಅಷ್ಟು ಸಾಕಾಗಿತ್ತು. ಹತ್ತಿ ಹಿಡಿದಿದ್ದ ಕೈ ಹಾಗೇ ನಿಂತಿತು. "ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ನಾಲ್ಕು ತಿಂಗಳು," ಎಂದಳು ಅವಳು. ಅವಳ ಕಣ್ಣು ಒರಗಿಸಿಟ್ಟ ಹಳೆಯ ಟೈರಿನ ಕಡೆಗೆ, ಅದರ ತಂತಿಗಳ ಕಡೆಗೆ, ಅಲ್ಲಿಂದ ಮೊಮ್ಮಗಳ ಕಡೆಗೆ ಹೋಯಿತು. "ಅವತ್ತು ಎಣ್ಣೆ ಚೆಲ್ಲಿರ್ಲಿಲ್ಲ."

"ಇಲ್ಲ."

ಅವಳು ಬೈದಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಗಾಯಕ್ಕೆ ಪಟ್ಟಿ ಸುತ್ತಿದಳು, ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದಳು.

"ಈ ಹೊಸವೂ ನಂಗೆ ಗೊತ್ತಾಗ್ಲಿಲ್ಲ," ಎಂದರು ಮೇಷ್ಟ್ರು. ಒಂದು ಸಲ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟವಾಗಿತ್ತು. "ಬಾಯಿಗೆ ಬಂದಿದ್ದು ಹೇಳ್ದೆ. ಹೆದರಿಕೆ ಆಯ್ತು ಕಣಮ್ಮ. ಟೈರು ನೋಡಕ್ಕೆ ಬರಲ್ಲ ಅಂದ್ರೆ ನಾನು ಯಾತಕ್ಕೆ ಬೇಕು? ಅದಕ್ಕೇ ಹೇಳ್ದೆ."

ಶಿಷ್ಯ ಏನು ಮಾಡಬೇಕೆಂದು ತೋಚದೆ ಟೈರನ್ನೂ ಅವರನ್ನೂ ನೋಡುತ್ತಿದ್ದ. "ಈಗ ಇದನ್ನ ಯಾರು ನೋಡ್ಬೇಕು ಮೇಷ್ಟ್ರೇ?"

ಮೇಷ್ಟ್ರು ಮಗಳ ಕಡೆ ನೋಡಿದರು. ದಿನವೆಲ್ಲ ಮಕ್ಕಳ ತೋಳಿನಲ್ಲಿ ನರ ಹುಡುಕುವ ಕೈ ಅದು. "ಹೆಬ್ಬೆರಳು ಇಡು," ಎಂದರು. "ಗೆರೆ ಮೇಲಲ್ಲ, ಅದರ ಪಕ್ಕದ ದಪ್ಪದ ಮೇಲೆ. ಉಗುರು ಒತ್ತು. ಸ್ವಲ್ಪ ಒಳಗೆ ಇಳಿದು, ಬಿಟ್ಟ ಮೇಲೆ ಮೆಲ್ಲಗೆ ಮೇಲೆ ಬರ್ಬೇಕು."

ಅವಳು ಒತ್ತಿದಳು. "ಇಳೀತಿಲ್ಲ ಅಪ್ಪ."

"ಸಾಲ ತೀರಿಸದವನ ಕಿವಿ ಹಿಂಡಿದ ಹಾಗೆ ಹಿಂಡ್ಬೇಡ, ಮೆಲ್ಲಗೆ ಒತ್ತು. ಇನ್ನೊಂದ್ಸಲ."

"ಇಳೀತಿಲ್ಲ. ಮೇಜು ಒತ್ತಿದ ಹಾಗಿದೆ."

ಶಿಷ್ಯ ತಾನೂ ಒತ್ತಿದ, ಮುಖ ಸಪ್ಪೆ ಮಾಡಿಕೊಂಡ, ಟೈರನ್ನು ರಿಮ್ಮಿನಿಂದ ಬಿಚ್ಚತೊಡಗಿದ. ಮಗಳು ಆಸ್ಪತ್ರೆಗೆ ಫೋನು ಮಾಡಿ ಪೆಟ್ಟಿಗೆಗಳನ್ನು ಬೇರೆ ಗಾಡಿಯಲ್ಲಿ ಕಳಿಸಲು ಹೇಳಿದಳು. ಗಾಡಿಯನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಮೂವರೂ ನಡೆದೇ ಹೋದರು. ದಾರಿಯುದ್ದಕ್ಕೂ ಮೊಮ್ಮಗಳು ತಾತನ ಪಟ್ಟಿ ಸುತ್ತಿದ ಕೈ ಹಿಡಿದುಕೊಂಡಿದ್ದಳು. ಹಿಡಿದಿದ್ದಾಳೆಂದು ಅವರು ನೋಡಿ ತಿಳಿದುಕೊಂಡರು.

ಮುಂದಿನ ವಾರ ಬೇರೆ ಸೆಟ್ಟು ಬಂತು. ಆ ವಾರ ಅವಳು ಅಪ್ಪನನ್ನು ಡಾಕ್ಟರ ಬಳಿ ಕರೆದೊಯ್ದಿದ್ದಳು, ಎರಡು ಸಲ ಜೋರಾಗಿ ಬೈದಿದ್ದಳು, ಒಂದು ಸಲ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಿದ್ದಳು. ಅಂಗಡಿಯಲ್ಲಿ ಶಿಷ್ಯ ನಾಲ್ಕು ಟೈರು ಸಾಲಾಗಿ ನಿಲ್ಲಿಸಿದ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನಿಂತರು. ಮಗಳು ಕೂತು ಒಂದೊಂದನ್ನೂ ಒತ್ತಿದಳು, ಅಂಗೈಯಿಂದ ಮುಂದಕ್ಕೆ ಸವರಿದಳು, ಹಿಂದಕ್ಕೆ ಸವರಿದಳು.

"ಚೆನ್ನಾಗಿವೆ. ಹಾಕಿ," ಎಂದಳು.

ಶಿಷ್ಯ ಜಾಕಿನ ಕಡೆ ಹೊರಟ. ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಸಾವಿರಾರು ಬಸ್ಸುಗಳಿಗೆ "ಹೋಗ್ಲಿ" ಅಂದಿದ್ದರು. ಒಬ್ಬನೇ ಒಬ್ಬ ಮನುಷ್ಯನೂ ಅವರನ್ನು ಮರುಪ್ರಶ್ನೆ ಕೇಳಿರಲಿಲ್ಲ. ಯಾರಾದರೂ ಕೇಳಿದ್ದರೆ ಅವರಿಗೆ ಕೋಪ ನೆತ್ತಿಗೇರುತ್ತಿತ್ತು.

"ಖಾತ್ರಿನಾ?" ಎಂದು ಕೇಳಿದರು.

ಮಗಳು ಅವರ ಮುಖ ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. ಮತ್ತೆ ನೆಲದ ಮೇಲೆ ಕೂತು, ಮೊದಲ ಟೈರಿನಿಂದ ಶುರುಮಾಡಿದಳು.