ಮಿಸ್ ಬಟನ್‌ಗೆ ಹೆಣೆದ ಕಾಲುಚೀಲ

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಕೆಂಡ್ರಾ ಹೇಳಿದ ಸುಳ್ಳಿಗೆ ಕಾಲೂ ಇತ್ತು, ಆ ಕಾಲಿಗೆ ಬೆಚ್ಚನೆಯ ಉಣ್ಣೆಯ ಚೀಲವೂ ಇತ್ತು. ಹೆಣೆದವಳು ಕೆಳಮನೆಯ ಅಜ್ಜಿ.

ಕೆಂಡ್ರಾ ಹುಟ್ಟಿ ಬೆಳೆದದ್ದು ಅಮೆರಿಕದ ನೆಬ್ರಾಸ್ಕಾದಲ್ಲಿ, ಕಣ್ಣು ಹಾಯಿಸಿದಷ್ಟು ದೂರವೂ ಮೆಕ್ಕೆಜೋಳ ನಿಂತಿರುವ ಸೀಮೆಯಲ್ಲಿ. ಕೈಹಿಡಿದ ಡ್ವೇನ್ ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುವವನು. ದಂಡಿನವರ ಸಂಸಾರ ಅಂದರೆ ಸುತ್ತಿಟ್ಟ ಚಾಪೆ ಇದ್ದ ಹಾಗೆ. ಹಾಸಿ ಕಾಲು ಚಾಚುವಷ್ಟರಲ್ಲಿ ವರ್ಗದ ಆದೇಶ ಬರುತ್ತದೆ. ಹಾಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಮೂರನೆಯ ಸಲ ಹಾಸಿದ್ದು ಜರ್ಮನಿಯ ಒಂದು ಹಳ್ಳಿಯಲ್ಲಿ, ಗೆರ್ಲಿಂಡ ಷ್ವೇಮ್ ಎಂಬ ವಿಧವೆಯ ಮನೆಯ ಮಹಡಿಯ ಮೇಲೆ. ದಂಡಿನ ಬೇಲಿ ಅಲ್ಲಿಂದ ಕಾಡು ದಾಟಿದರೆ ಸಿಗುತ್ತಿತ್ತು.

ಮಗಳು ಜೂನಿಗೆ ಆಗ ಆರು ವರ್ಷ. ಅವಳಿಗೆ ಮನೆಯಲ್ಲೇ ಪಾಠ ಎಂದು ಗಂಡಹೆಂಡಿರು ಮೊದಲೇ ತೀರ್ಮಾನಿಸಿದ್ದರು. ಡ್ವೇನ್ ತಿಂಗಳುಗಟ್ಟಲೆ ಮರಳುಗಾಡಿನ ಯಾವುದೋ ನೆಲೆಯಲ್ಲಿರುತ್ತಿದ್ದ. ಬಂದರೆ ಹತ್ತು ದಿನ, ಹದಿನೈದು ದಿನ. ಆ ದಿನಗಳಲ್ಲಿ ಮಗಳು ಶಾಲೆಯಲ್ಲಿ ಕೂತಿದ್ದರೆ ಅಪ್ಪ ಯಾರ ಮುಖ ನೋಡಬೇಕು? ದಂಡಿನಲ್ಲಿ ಹೀಗೆ ಪಾಠ ಹೇಳುವ ತಾಯಂದಿರು ಬೇಕಾದಷ್ಟು ಜನ ಇದ್ದರು. ವಾರಕ್ಕೊಮ್ಮೆ ಸೇರಿ ಮಕ್ಕಳನ್ನು ಆಡಲು ಬಿಟ್ಟು, ಒಬ್ಬರ ಕಷ್ಟ ಒಬ್ಬರಿಗೆ ಹೇಳಿಕೊಳ್ಳುತ್ತಿದ್ದರು.

ಅವರಲ್ಲಿ ಹಳಬಳು ಮಾರ್ಲಾ. ಹೊಸಬರನ್ನು ಹೆದರಿಸುವುದೆಂದರೆ ಅವಳಿಗೆ ಹಬ್ಬ.

"ಹಳ್ಳೀಲಿ ಮನೆ ಹಿಡಿದ್ಯಾ? ಹುಷಾರು ಕಣೇ. ಭಾನುವಾರ ಕಾರು ತೊಳೆದ್ರೂ ಇವರು ಪೊಲೀಸ್ ಕರೀತಾರೆ."

"ಸುಮ್ನಿರೇ!"

"ಸುಮ್ನಿರೋದೇನು? ಮಕ್ಕಳನ್ನ ಶಾಲೆಗೆ ಕಳಿಸದೇ ಇರೋದು ಇಲ್ಲಿ ಅಪರಾಧ. ಅವರ ಮಕ್ಕಳಾದ್ರೆ ಪೊಲೀಸ್ನೋರೇ ಮನೆಗೆ ಬಂದು ಕರ್ಕೊಂಡು ಹೋಗ್ತಾರಂತೆ."

"ನಮಗೆ ಆ ಕಾನೂನು ಬರಲ್ಲ ಅಂದ್ರಲ್ಲ ಆಫೀಸಲ್ಲಿ?"

"ಬರಲ್ಲ ನಿಜ. ಆದ್ರೆ ನಿನ್ನ ಮನೆ ಮುದುಕಿಗೆ ಅದು ಗೊತ್ತಾ?"

ಕೆಂಡ್ರಾಗೆ ಆ ಮಾತು ಮುಳ್ಳಿನಂತೆ ಚುಚ್ಚಿಕೊಂಡು ಕೂತಿತು. ಮನೆಯೊಡತಿ ಫ್ರೌ ಷ್ವೇಮ್ ಆಗಲೇ ಎರಡು ಸಲ ಮೆಟ್ಟಿಲು ಹತ್ತಿ ಬಂದು ಬುದ್ಧಿ ಹೇಳಿದ್ದರು. ಒಮ್ಮೆ ಭಾನುವಾರ ಊರಿಗೆಲ್ಲ ಕೇಳುವಂತೆ ಗಾಜಿನ ಬಾಟಲಿ ಡಬ್ಬಕ್ಕೆ ಎಸೆದದ್ದಕ್ಕೆ. ಇನ್ನೊಮ್ಮೆ ಮಧ್ಯಾಹ್ನ ಊರು ಮಲಗುವ ಹೊತ್ತಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದ್ದಕ್ಕೆ. ಮೂರನೆಯ ಸಲ ಬಾಗಿಲು ತಟ್ಟಿದಾಗ ಕೆಂಡ್ರಾ ಎದೆ ಹಿಡಿದುಕೊಂಡೇ ತೆರೆದಳು. ಮುದುಕಿಯ ತೋಳಲ್ಲಿ ಮಗುವಿನಷ್ಟೇ ಉದ್ದದ ಬಣ್ಣದ ಕಾಗದದ ಶಂಕು, ಅದರ ತುಂಬ ಮಿಠಾಯಿ, ಪೆನ್ಸಿಲು, ರಬ್ಬರು. ಮೊದಲ ದಿನ ಶಾಲೆಗೆ ಹೋಗುವ ಮಗುವಿಗೆ ಅಲ್ಲಿ ಕೊಡುವ ಉಡುಗೊರೆ ಅದು. ಜೂನಿಯ ಹೆಸರನ್ನೂ ಅದರ ಮೇಲೆ ಕತ್ತರಿಸಿ ಅಂಟಿಸಿದ್ದರು.

"ಮಗೂಗೆ ಶಾಲೆ ಯಾವತ್ತು ಶುರು?"

ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಏನೂ ಕದಿಯದ ಕೆಂಡ್ರಾ ಹೆಗಲು ಮುಟ್ಟಿಕೊಂಡಳು.

"ಸೋಮವಾರ," ಅಂದಳು. "ದಂಡಿನ ಒಳಗಿನ ಶಾಲೆ."

ಹೇಳಿದ ಮೇಲೆ ನಡೆಸಬೇಕಲ್ಲ? ಸೋಮವಾರ ಬೆಳಿಗ್ಗೆ ಜೂನಿಯ ಬೆನ್ನಿಗೆ ಚೀಲ ಹಾಕಿ, ಕಾರಲ್ಲಿ ಕೂರಿಸಿ, ಕೆಳಗಿನ ಕಿಟಕಿಗೆ ಕೈ ಬೀಸಿ ಹೊರಟಳು. ಅಂದಿನಿಂದ ಅಮ್ಮ ಮಗಳ ಶಾಲೆ ಊರೂರು ಸುತ್ತುವ ಡೇರೆಯಾಯಿತು. ಕೆಲವು ದಿನ ದಂಡಿನ ಲೈಬ್ರರಿ, ಕೆಲವು ದಿನ ಅಂಗಡಿಸಾಲಿನ ತಿಂಡಿ ಮೇಜು. ಮಳೆ ಹಿಡಿದರೆ ನಿಲ್ಲಿಸಿದ ಕಾರೇ ಶಾಲೆ, ಉಸಿರಿಗೆ ಮಂಜಾದ ಗಾಜೇ ಹಲಗೆ. ಜೂನಿ ಬೆರಳಲ್ಲಿ ಲೆಕ್ಕ ಬರೆಯುವಳು, ಅಮ್ಮ ತೋಳಲ್ಲಿ ಒರೆಸುವಳು. ಶಾಲೆ ಬಿಡುವ ಹೊತ್ತು ನೋಡಿಕೊಂಡು ಮನೆಗೆ.

ಮನೆಯ ಮೇಜೊಂದು ಸುಮ್ಮನೆ ಬಿದ್ದಿರುವಾಗ ಮಗುವನ್ನು ಕಾರಲ್ಲಿ ಕೂರಿಸಿ ಓದಿಸುವುದು ಕೆಂಡ್ರಾಗೆ ಮೊದಲು ನಗು ತರಿಸಿತು. ಆಮೇಲೆ ತರಿಸಲಿಲ್ಲ.

ಸಂಜೆ ಜೂನಿ ಕೆಳಗಿಳಿದು ಅಜ್ಜಿಯ ಅಡುಗೆಮನೆ ಸೇರುತ್ತಿದ್ದಳು. ಅಲ್ಲಿಯ ಮಕ್ಕಳು ಅಜ್ಜಿಯನ್ನು ಕರೆಯುವಂತೆ ಅವಳೂ "ಓಮಾ" ಅಂತಲೇ ಕರೆಯುವುದು. ಒಂದು ದಿನ ಕೆಂಡ್ರಾ ಮಗಳನ್ನು ಕರೆಯಲು ಹೋದವಳು ಬಾಗಿಲಲ್ಲೇ ನಿಂತಳು.

"ನಿಮ್ಮ ಟೀಚರ್ ಹೆಸರೇನೇ?" ಎಂದು ಓಮಾ ಕೇಳುತ್ತಿದ್ದರು.

ಜೂನಿಯ ಕಣ್ಣು ಓಮಾ ತೊಟ್ಟ ಸ್ವೆಟರಿನ ಮೇಲೆ ಓಡಾಡಿ ಒಂದು ಗುಂಡಿಯ ಮೇಲೆ ನಿಂತಿತು. "ಮಿಸ್ ಬಟನ್."

"ಒಳ್ಳೆಯವರಾ?"

"ತುಂಬಾ. ಆದ್ರೆ ಪಾಪ, ಕಾಲು ಮುರ್ಕೊಂಡಿದ್ದಾರೆ. ಕೂತ್ಕೊಂಡೇ ಪಾಠ ಹೇಳ್ತಾರೆ."

ತೊದಲಲಿಲ್ಲ, ತಡವರಿಸಲಿಲ್ಲ. ಲೆಕ್ಕಕ್ಕೆ ತಿಣುಕುವ ಹುಡುಗಿ ಈ ಪಾಠವನ್ನು ಒಂದೇ ಸಲಕ್ಕೆ ಕಲಿತಿದ್ದಳು. ಕಲಿಸಿದವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ "ಇಲ್ಲ, ಫ್ರೌ ಷ್ವೇಮ್" ಅನ್ನಬೇಕಿತ್ತು. ಕೆಂಡ್ರಾ "ಜೂನಿ, ಊಟಕ್ಕೆ ಬಾ" ಅಂದಳು.

ಓಮಾ ಕಾಲು ಮುರಿದವರನ್ನು ಸುಮ್ಮನೆ ಬಿಡುವ ಪೈಕಿಯಲ್ಲ. ಶುಕ್ರವಾರ ಬಂತೆಂದರೆ ಪ್ಲಮ್ ಹಣ್ಣಿನ ಕೇಕು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು. "ಮಿಸ್ ಬಟನ್‌ಗೆ. ದಾರೀಲಿ ಮುಟ್ಟಬೇಡ." ಅಮ್ಮ ಮಗಳು ಅದನ್ನು ಕಾರಲ್ಲಿ ಕೂತು ತಿಂದರು. ಮೊದಲ ವಾರ ರುಚಿಯಾಗಿತ್ತು. ಎರಡನೆಯ ವಾರದಿಂದ ಕೆಂಡ್ರಾ ತನ್ನ ಪಾಲನ್ನೂ ಮಗಳ ಕಡೆ ಸರಿಸಿದಳು. ಜೂನಿ ಒಬ್ಬಳೇ ತಿಂದು, ತುಟಿ ಒರೆಸಿಕೊಂಡು, ಸಂಜೆ ಹೋಗಿ "ಮಿಸ್ ಬಟನ್ ತಟ್ಟೆ ನೆಕ್ಕಿಬಿಟ್ರು ಓಮಾ" ಎಂದು ವರದಿ ಕೊಟ್ಟಳು. ಮುದುಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮರುದಿನದಿಂದ ಅವರ ಮಡಿಲಲ್ಲಿ ಬೂದು ಬಣ್ಣದ ಉಣ್ಣೆ, ಕೈಯಲ್ಲಿ ಕಡ್ಡಿ. ಕಟ್ಟು ಹಾಕಿದ ಕಾಲಿನ ಬೆರಳಿಗೆ ಚಳಿ ಬಡಿಯುತ್ತದಲ್ಲ, ಅದಕ್ಕೆ ಒಂದು ಕಾಲುಚೀಲ ಅಗಲ, ಒಂದು ಕಿರಿದು.

ಹೆಣೆದು ಮುಗಿದ ದಿನ ಓಮಾ ಒಳ್ಳೆಯ ಕೋಟು ತೊಟ್ಟು ಮೇಲೆ ಬಂದರು.

"ಕೆಂಡ್ರಾ, ನಾಳೆ ನನ್ನನ್ನೂ ಕರ್ಕೊಂಡು ಹೋಗು. ಗೇಟಲ್ಲಿ ನಿನ್ನ ಅತಿಥಿ ಅಂತ ಹೆಸರು ಬರೆಸಿದ್ರೆ ಬಿಡ್ತಾರಂತೆ. ಹೊರಗಿಂದ ಆ ಬೇಲಿ ನೋಡ್ತಾನೇ ಮುದುಕಿ ಆದೆ. ಇದನ್ನ ಅವಳ ಕೈಗೇ ಕೊಡ್ತೀನಿ."

ಆಗ ನೆಲದ ಮೇಲೆ ಕೂತು ಆಡುತ್ತಿದ್ದ ಜೂನಿ, ತಲೆಯೆತ್ತದೆ, ದಂಡಿನಲ್ಲಿ ಬೆಳೆದ ಮಗುವಿಗೆ ಮಾತ್ರ ಹೊಳೆಯುವ ಮಾತು ಹೇಳಿದಳು.

"ಮಿಸ್ ಬಟನ್‌ಗೆ ವರ್ಗ ಆಯ್ತಲ್ಲ ಓಮಾ. ಕೊರಿಯಾಗೆ ಹೋದ್ರು."

ಆ ಮಗು ಕಂಡ ಗೆಳತಿಯರೆಲ್ಲ ಹಾಗೇ ಹೋಗಿದ್ದರು. ಇಲ್ಲದ ಟೀಚರನ್ನು ಸಾಯಿಸುವ ಅಗತ್ಯವೇ ಅವಳಿಗೆ ಬೀಳಲಿಲ್ಲ.

ಮುದುಕಿ ಕುರ್ಚಿ ಎಳೆದುಕೊಂಡು ಕೂತರು. "ಹೋದಳಾ? ಮಗೂಗೆ ಒಂದು ಮಾತು ಹೇಳ್ದೆ?" ಕೆಂಡ್ರಾಳ ಕಡೆ ನೋಡಿದರು. ಕೆಂಡ್ರಾ ಹೌದೆಂದು ತಲೆಯಾಡಿಸಿದಳು. ಅದೊಂದು ತಲೆಯಾಡಿಸಿದ್ದನ್ನು ನೆನೆದರೆ ಅವಳಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ನೀವೆಲ್ಲ ಹೀಗೇ," ಅಂದರು ಓಮಾ, ಮೆತ್ತಗೆ. "ಈ ಮಹಡೀಲಿ ಎಷ್ಟು ಜನ ಇದ್ರು! ಎಲ್ಲರೂ ತಬ್ಕೊಂಡು ಅತ್ತು ಹೋಗ್ತಾರೆ, ಪತ್ರ ಬರೀತೀವಿ ಅಂತಾರೆ. ಹೋಗ್ಲಿ, ಕೊರಿಯಾದಲ್ಲೂ ಚಳಿ ಇರತ್ತಲ್ಲ. ಅಂಚೇಲಿ ಕಳಿಸು, ವಿಳಾಸ ಮಾತ್ರ ನೀನೇ ಬರಿ."

ಪೊಟ್ಟಣ ಕಾರಿನ ಡಿಕ್ಕಿ ಸೇರಿತು. ಕೆಂಡ್ರಾ ಅದರ ಮೇಲೆ ಕಂಬಳಿ ಹೊದಿಸಿದಳು, ಹೆಣಕ್ಕೆ ಹೊದಿಸಿದ ಹಾಗೆ.

ನವೆಂಬರ್ ಬಂತು. ಸಂತ ಮಾರ್ಟಿನ್ನನ ಸಂಜೆ ಊರ ಮಕ್ಕಳು ಕಾಗದದ ಲಾಟೀನು ಹಿಡಿದು ಹಾಡುತ್ತ ಬೀದಿ ಸುತ್ತುತ್ತಾರೆ. ಓಮಾ ಜೂನಿಗೂ ಒಂದು ಲಾಟೀನು ಮಾಡಿಕೊಟ್ಟಿದ್ದರು. ಮೆರವಣಿಗೆ ಚರ್ಚಿನ ಮುಂದೆ ನಿಂತು ಬಿಸಿ ಬನ್ನು ಹಂಚುತ್ತಿದ್ದಾಗ, ಓಮಾ ಊರ ಶಾಲೆಯ ಟೀಚರಮ್ಮನನ್ನು ಕೈಹಿಡಿದು ಕರೆತಂದರು.

"ಇವಳೇ ನಾನು ಹೇಳಿದ ಮಗು. ಪಾಪ, ಟೀಚರ್ ಬಿಟ್ಟು ಹೋದ್ರು."

ಟೀಚರಮ್ಮ ಮೊಣಕಾಲೂರಿ ಕೂತು ಕೇಳಿದಳು: "ಅವರಂದ್ರೆ ನಿಂಗೆ ತುಂಬಾ ಇಷ್ಟ ಇತ್ತಾ, ಪುಟ್ಟಿ? ಹೇಗಿದ್ರು?"

ಜೂನಿ ಬನ್ನು ಅಗಿಯುತ್ತ ಯೋಚಿಸಿದಳು. ಈ ಸಲ ಕಣ್ಣು ಯಾರ ಗುಂಡಿಯ ಮೇಲೂ ಓಡಾಡಲಿಲ್ಲ.

"ಅವರ ಹತ್ರ ಕಾಫಿ ವಾಸನೆ ಬರತ್ತೆ. ಬರೆಯುವಾಗ ಹಾಡ್ತಾರೆ. ನಂಗೆ ಕಳೆಯೋ ಲೆಕ್ಕ ಬರಲ್ಲ ಅಂತ ಅವರಿಗೆ ಬೇಜಾರು. ಆಗ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅಳ್ತಾರೆ. ಅತ್ತಿದ್ದು ನಂಗೆ ಕೇಳಿಸ್ಬಾರ್ದು ಅಂತ."

ಕೆಂಡ್ರಾ ನಾಚಿಕೆಯಿಂದ ಭೂಮಿಗೆ ಇಳಿದುಹೋದಳು. ನಲ್ಲಿಯ ಉಪಾಯ ಅವಳ ತಾಯಿಯದು. ತಾಯಿ ಅತ್ತದ್ದೂ ಅವಳಿಗೆ ಚಿಕ್ಕಂದಿನಲ್ಲಿ ಹಾಗೇ ಕೇಳಿಸುತ್ತಿತ್ತು. ಆದರೂ ತನ್ನದು ಯಾರಿಗೂ ಕೇಳಿಸದು ಅಂದುಕೊಂಡಿದ್ದಳು. ಟೀಚರಮ್ಮ ಏನೂ ಅರ್ಥವಾಗದೆ ಮಗುವಿನ ಕೆನ್ನೆ ತಟ್ಟಿ ಎದ್ದಳು. ಓಮಾ ಮಾತ್ರ ಲಾಟೀನಿನ ಬೆಳಕಲ್ಲಿ ಕೆಂಡ್ರಾಳನ್ನೇ ನೋಡುತ್ತ ನಿಂತರು. ಮಹಡಿಯ ಬಚ್ಚಲ ನೀರು ಇಳಿಯುವುದು ಅವರ ಅಡುಗೆಮನೆಯ ಗೋಡೆಯೊಳಗಿನ ಕೊಳವೆಯಲ್ಲಿ. ಅಮ್ಮ ಮಗಳು ಮನೆಯಲ್ಲೇ ಲೆಕ್ಕಕ್ಕೆ ಕೂರುವ ಶನಿವಾರ ಬೆಳಿಗ್ಗೆ ಅಷ್ಟು ಹೊತ್ತು ನೀರು ಯಾಕೆ ಹರಿಯುತ್ತದೆಂದು ಅವರು ಎಷ್ಟು ಸಲ ತಲೆಯೆತ್ತಿ ನೋಡಿದ್ದರೋ.

ಮಾರನೆಯ ದಿನ ಕೆಂಡ್ರಾ ಡಿಕ್ಕಿಯಿಂದ ಪೊಟ್ಟಣ ತೆಗೆದುಕೊಂಡು ಕೆಳಗಿಳಿದಳು. ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ಶಾಲೆ ಇಲ್ಲ, ಮಿಸ್ ಬಟನ್ ಇಲ್ಲ, ಕೇಕು ತಿಂದದ್ದು ನಾವು.

"ಮನೇಲಿ ಪಾಠ ಹೇಳ್ತೀಯ. ಅಷ್ಟೇ ತಾನೇ?" ಅಂದರು ಓಮಾ. "ನಿನಗಿಂತ ಮುಂಚೆ ಮೇಲಿದ್ದವಳೂ ಹೇಳ್ತಿದ್ದಳು. ನಿಮಗೆ ನಮ್ಮ ಕಾನೂನು ಬರಲ್ಲ ಅಂತ ಊರಿಗೆಲ್ಲ ಗೊತ್ತು."

"ನನಗೆ ಭಯ ಆಯ್ತು, ಫ್ರೌ ಷ್ವೇಮ್."

"ಯಾರ ಭಯ?"

ಕೆಂಡ್ರಾ ಮೇಜಿನ ಮೇಲಿನ ಪೊಟ್ಟಣವನ್ನು ಅವರತ್ತ ಸರಿಸಿದಳು.

"ನನ್ನ ಭಯ," ಅಂದರು ಮುದುಕಿ. "ನಾನು ಹೋಗಿ ಪೊಲೀಸ್ನೋರಿಗೆ ಹೇಳಿಬಿಡ್ತೀನಿ ಅಂತ. ಹಿಂದೆ ಯುದ್ಧದ ಕಾಲದಲ್ಲಿ ಈ ಊರಲ್ಲಿ ಪಕ್ಕದ ಮನೆಯವರನ್ನ ಹಿಡಿದುಕೊಟ್ಟವರಿದ್ರು, ಕೆಂಡ್ರಾ. ನಮ್ಮಪ್ಪ ಸಾಯೋವರೆಗೂ ಹಾಗೆ ಹಿಡಿದುಕೊಟ್ಟವರ ಮನೆ ಮುಂದೆ ಟೋಪಿ ತೆಗೆದು ಮರ್ಯಾದೆ ಕೊಡ್ಲಿಲ್ಲ. ಬಾಟಲಿ ವಿಷಯ ನಿನ್ನ ಮುಖಕ್ಕೇ ಬಂದು ಹೇಳಿದ್ನಲ್ಲ ನಾನು? ಬೆನ್ನ ಹಿಂದೆ ಹೇಳೋಳಾಗಿದ್ರೆ ಮೆಟ್ಟಿಲು ಹತ್ತಿ ಬರ್ತಿದ್ನಾ?"

ಓಮಾ ಪೊಟ್ಟಣ ಬಿಚ್ಚಿ, ಅಗಲದ ಕಾಲುಚೀಲವನ್ನು ತೆಗೆದು, ತುದಿಯ ಗಂಟು ಕತ್ತರಿಸಿ ಎಳೆಯತೊಡಗಿದರು. ಬೈಯಲಿಲ್ಲ. ಉಣ್ಣೆ ಸರಸರ ಬಿಚ್ಚಿಕೊಂಡು ಉಂಡೆಯಾಗುತ್ತ ಹೋಯಿತು. ಬೆರಳು ಹೋಯಿತು, ಹಿಮ್ಮಡಿ ಹೋಯಿತು. ಕೆಂಡ್ರಾ ಕೊನೆಯ ಎಳೆಯವರೆಗೂ ನಿಂತಿದ್ದಳು. ಹೋಗು ಅಂತ ಅವರು ಹೇಳಲಿಲ್ಲ; ಕೂತ್ಕೋ ಅಂತಲೂ ಹೇಳಲಿಲ್ಲ.

ಸೋಮವಾರ ಕಾರು ಹೊರಡಲಿಲ್ಲ. ಬೀದಿಯ ಕಡೆಯ ಕಿಟಕಿಯ ಪರದೆ ಸರಿಸಿ, ಅದರ ಕೆಳಗೇ ಮೇಜು ಎಳೆದು, ಕೆಂಡ್ರಾ ಮಗಳನ್ನು ಕೂರಿಸಿದಳು. ಹೋಗಿ ಬರುವವರು ನೋಡಿದರು. ಹಾಲಿನವನು ಕೈ ಬೀಸಿದ. ಅಷ್ಟೇ. ಇಷ್ಟಕ್ಕೆ ಅಷ್ಟು ಸುಳ್ಳೇ ಎಂದು ಅವಳ ಮುಖ ಮತ್ತೆ ಸುಟ್ಟಿತು. ಶುಕ್ರವಾರ ಕೇಕು ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ.

"ಓಮಾಗೆ ನನ್ನ ಮೇಲೆ ಕೋಪಾನಾ?" ಎಂದಳು ಜೂನಿ.

"ನಿನ್ನ ಮೇಲಲ್ಲ. ನನ್ನ ಮೇಲೆ."

"ಸುಳ್ಳು ಹೇಳಿದ್ದು ನಾನಲ್ವಾ?"

"ನಾನು ಹೇಳಿಕೊಟ್ಟಿದ್ದು."

ಕ್ರಿಸ್ಮಸ್ ಹತ್ತಿರವಾದ ಒಂದು ಬೆಳಿಗ್ಗೆ, ಅದೇ ಕಳೆಯುವ ಲೆಕ್ಕ, ಅದೇ ತಪ್ಪು. ಕೆಂಡ್ರಾಳ ತಾಳ್ಮೆ ಹರಿಯಿತು. ಎದ್ದಳು, ಬಚ್ಚಲ ಬಾಗಿಲು ಹಾಕಿಕೊಂಡಳು, ನಲ್ಲಿ ತಿರುಗಿಸಿದಳು. ನೀರು ಭೋರೆಂದಿತು. ಇನ್ನೇನು ಅಳು ಬರಬೇಕು, ಕೆಳಗಿನಿಂದ ಕೊಳವೆಯ ಮೇಲೆ ಟಣ್ ಟಣ್ ಎಂದು ಸೌಟಿನಿಂದ ಬಡಿದ ಸದ್ದು.

ನೀರು ಪೋಲು ಮಾಡಬೇಡ ಅಂತಲೋ, ಅಳಬೇಡ ಅಂತಲೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ. ನಲ್ಲಿ ನಿಲ್ಲಿಸಿದಳು. ಒದ್ದೆ ಮುಖದಲ್ಲೇ ಹೊರಗೆ ಬಂದು ಮಗಳ ಎದುರು ಕೂತಳು.

"ಜೂನಿ, ನಿಜ ಹೇಳ್ತೀನಿ. ಕಳೆಯೋ ಲೆಕ್ಕ ನಂಗೂ ಬರ್ತಿರ್ಲಿಲ್ಲ. ಶಾಲೇಲಿ ಹಲಗೆ ಮುಂದೆ ನಿಲ್ಲಿಸಿ ನಗ್ತಿದ್ರು."

ಜೂನಿ ಅಮ್ಮನ ಮುಖವನ್ನು ತುಂಬ ಹೊತ್ತು ನೋಡಿದಳು, ಇದೂ ಮಿಸ್ ಬಟನ್ ಥರದ್ದೇನೋ ಎಂಬ ಅನುಮಾನದಿಂದ.

"ನಿಜವಾಗ್ಲೂ?" ಅಂದಳು.