ಡಾಕ್ಟ್ರು ಇಲ್ಲೇ ಹತ್ರದಲ್ಲಿದ್ದಾರೆ

ತುಮಕೂರಿನ ನಮ್ಮ ಬಡಾವಣೆಯ ತಿರುವಿನಲ್ಲಿ ಹೊಸದಾಗಿ ಒಂದು ನರ್ಸಿಂಗ್ ಹೋಮ್ ತೆರೆದಾಗ, ಅದರ ಎನ್‌ಕ್ವೈರಿ ಕೌಂಟರಿನಲ್ಲಿ ಕೂರಬೇಕು ಅನ್ನುವ ಆಸೆ ನನಗೆ ಹುಟ್ಟಿತು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಯಜಮಾನರಿಗೆ ಸಂಬಳ ಬರುತ್ತದೆ, ತವರಿನ ತೋಟದಿಂದ ತೆಂಗಿನಕಾಯಿ ಬರುತ್ತದೆ, ಮಗಳು ಕ್ಯಾತ್ಸಂದ್ರದ ಕಾಲೇಜಿನಲ್ಲಿ ಓದುತ್ತಾಳೆ. ಆದರೂ ಬೆಳಗ್ಗೆ ಸೀರೆಗೆ ಪಿನ್ನು ಚುಚ್ಚಿಕೊಂಡು ಬಸ್ಸಿಗೆ ಓಡುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ನನ್ನದು ಅಂತ ಒಂದು ಕೆಲಸ ನನಗೆ ಬೇಕಿತ್ತು.

ಅವರು ಕೇಳಿದ್ದು ಅಲ್ಪಸ್ವಲ್ಪ ಇಂಗ್ಲಿಷ್. ಬಂದವರಿಗೆ ದಾರಿ ಹೇಳಬೇಕು, ಸರದಿ ಹೇಳಬೇಕು, ಎಷ್ಟು ಹೊತ್ತಾಗುತ್ತದೆ ಅಂತ ಹೇಳಬೇಕು, ಅಷ್ಟೇ. ಮಗಳೇ ಮೇಷ್ಟ್ರಾದಳು. ನಾನು ಒಗ್ಗರಣೆ ಹಾಕುವಾಗ ಅವಳು ಅಡುಗೆಮನೆ ಬಾಗಿಲಿಗೆ ಒರಗಿ ಪ್ರಶ್ನೆ ಕೇಳುತ್ತಿದ್ದಳು.

"ಲ್ಯಾಬ್ ಎಲ್ಲಿದೆ ಅಂತ ಕೇಳ್ತಾರೆ. ಏನಂತೀಯಮ್ಮ?"

"ಇಲ್ಲೇ ಪಕ್ಕದಲ್ಲಿ."

"ಇಂಗ್ಲಿಷಲ್ಲಿ ಹೇಳು."

ನಿಯರ್ ಒಂದಿದ್ದರೆ ಸಾಲದೇ ಅಂದೆ. ಅವಳು ಕ್ಲೋಸ್ ಟು, ನೆಕ್ಸ್ಟ್ ಟು, ಬಿಸೈಡ್, ಅಡ್ಜಸೆಂಟ್ ಅಂತ ಒಂದೊಂದನ್ನೇ ತಂದು ಒಲೆ ಮುಂದೆ ನಿಲ್ಲಿಸಿದಳು. ಇಷ್ಟೊಂದು ಪದ ಇಟ್ಟುಕೊಂಡು ಇಂಗ್ಲಿಷಿನವರು ಏನು ಮಾಡುತ್ತಾರೋ. ನಾನೂ ಬಿಡಲಿಲ್ಲ, ಒಂದೊಂದಕ್ಕೂ ಒಂದು ಜಾಗ ಹುಡುಕಿ ಕೂರಿಸಿದೆ. ಪಕ್ಕದ ಮನೆಯ ಮಿಕ್ಸಿ ತಿರುಗಿದರೆ ನಮ್ಮ ಗೋಡೆಯೂ ಗುಂಯ್ ಅನ್ನುತ್ತದೆ, ಅದು ಅಡ್ಜಸೆಂಟ್. ಬೀದಿ ಕೊನೆಯ ಹಾಲಿನ ಅಂಗಡಿ ನಿಯರ್. ಸರದಿಯ ಮಾತುಗಳಿಗೆ ನನ್ನ ತವರು ದಾರಿಯ ರೈಲು ಸಿಕ್ಕಿತು. ಫಸ್ಟ್ ನಿಟ್ಟೂರು, ನೆಕ್ಸ್ಟ್ ಗುಬ್ಬಿ, ಆಫ್ಟರ್ ದಟ್ ತುಮಕೂರು, ಫೈನಲಿ ಕ್ಯಾತ್ಸಂದ್ರ. ನಡುವೆ ಮಲ್ಲಸಂದ್ರ ಬಿಟ್ಟೆಯಲ್ಲ ಅಂದಳು ಮಗಳು. ಅದಕ್ಕೆ ಕೊಡಲು ನನ್ನ ಬಳಿ ಇನ್ನೊಂದು ಪದ ಇರಲಿಲ್ಲ. ಸಬ್‌ಸಿಕ್ವೆಂಟ್ಲಿ ಅನ್ನುವುದನ್ನು ಹೇಳಿಸಲು ನೋಡಿ, ಕೊನೆಗೆ ಅವಳೇ ಕೈಮುಗಿದಳು.

ಅಂದಾಜಿನ ಪದಗಳಲ್ಲಿ ಮಾತ್ರ ಜಗಳವಾಯಿತು. ಅಬೌಟ್, ಅರೌಂಡ್, ನಿಯರ್ಲಿ, ಆಲ್‌ಮೋಸ್ಟ್, ಅಪ್ರಾಕ್ಸಿಮೇಟ್ಲಿ.

"ಎಲ್ಲಾನೂ ಸುಮಾರು ಅನ್ನೋದೇ ತಾನೆ?"

"ಅಲ್ಲಮ್ಮ. ಅಬೌಟ್ ಅಂದ್ರೆ ಒಂಚೂರು ಹಿಂದೆ ಮುಂದೆ. ನಿಯರ್ಲಿ ಅಂದ್ರೆ ಇನ್ನೇನು ಮುಟ್ಟೋದ್ರಲ್ಲಿದೆ ಅಂತ."

ನನಗೆ ನಿಯರ್ಲಿ ಬಹಳ ಹಿಡಿಸಿತು. ನಾಲಿಗೆಗೂ ಸುಲಭ, ನಮ್ಮ ಜನಕ್ಕೂ ಹೊಂದುತ್ತದೆ. ನಮ್ಮ ಕಡೆ ದೂರವನ್ನು ದೂರ ಅನ್ನುವುದು ಮರ್ಯಾದೆಯಲ್ಲ. ನಿಟ್ಟೂರು ಸ್ಟೇಷನ್ನಿನಲ್ಲಿ ಇಳಿದ ನೆಂಟರನ್ನು ನಮ್ಮಪ್ಪ "ಮನೆ ಇಲ್ಲೇ, ನಾಕ್ ಹೆಜ್ಜೆ, ಬನ್ನಿ" ಅಂತ ತೋಟದ ಮೇಲೆ ತೋಟ ದಾಟಿಸಿ ಕರೆತರುತ್ತಿದ್ದರು. ಕುಣಿಗಲ್ಲಿನಿಂದ ನನ್ನನ್ನು ನೋಡಲು ಬಂದ ಯಜಮಾನರ ಕಡೆಯವರನ್ನೂ ಹಾಗೇ ನಡೆಸಿದ್ದರು. ಜಗಲಿ ಮೇಲೆ ಕುಸಿದು ಕೂತ ನನ್ನ ಅತ್ತೆ ಮೊದಲು ಕೇಳಿದ್ದು ಹುಡುಗಿಯನ್ನಲ್ಲ, ನೀರನ್ನು. ಅನ್ನಕ್ಕೆ ಎಸರು ಕುದಿಯದಿದ್ದರೂ ಬಂದವರಿಗೆ "ಎಲೆ ಹಾಕಿದ್ದೇ, ಕೂತ್ಕೊಳಿ" ಅನ್ನುತ್ತೇವೆ. ಅದನ್ನು ಯಾರೂ ಸುಳ್ಳು ಅಂತ ತಿಳಿಯುವುದಿಲ್ಲ. ಕಾಯುವವರಿಗೆ ಧೈರ್ಯ ಬರಲಿ ಅಂತ ಆಡುವ ಮಾತು ಅದು.

ಇಂಟರ್‌ವ್ಯೂ ಮಾಡಿದ್ದು ಅಲ್ಲಿನ ಮ್ಯಾನೇಜರ್, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ದಾರಿ ಕೇಳಿದರು, ಹೇಳಿದೆ. ಅಡ್ಜಸೆಂಟ್ ಅನ್ನುವುದನ್ನೂ ಒಂದು ಕಡೆ ಸಿಕ್ಕಿಸಿದೆ. ಆಮೇಲೆ ಅವರೇ ಪೇಷಂಟಿನ ಹಾಗೆ ಮುಖ ಮಾಡಿಕೊಂಡು, ಡಾಕ್ಟರ್ ಯಾವಾಗ ಬರ್ತಾರೆ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ನಗುತ್ತಾ, "ನಿಯರ್ಲಿ ಹಿಯರ್ ಮೇಡಂ. ವೆರಿ ನಿಯರ್" ಅಂದೆ.

"ಎಲ್ಲಿದಾರೆ ಅಂತ ನಿಮಗೆ ಗೊತ್ತಾ?"

"ಇಲ್ಲ ಮೇಡಂ."

ಅವರು ನಗಲಿಲ್ಲ. "ನೀವು ಹತ್ರ ಅಂತೀರಿ. ಪೇಷಂಟುಗಳು ಎದ್ದು ಹೋದ್ರೆ ಸರದಿ ಎಲ್ಲಿ ತಪ್ಪೋಗುತ್ತೋ ಅಂತ ಹಸ್ಕೊಂಡು ಕೂತಿರ್ತಾರೆ. ಶುಗರ್ ಇರೋರು, ಬಸುರೀರು," ಅಂದರು. ಕೆಲಸ ಇಲ್ಲ ಅಂತಲೂ ಅನ್ನಲಿಲ್ಲ. ಸೋಮವಾರ ಮಧ್ಯಾಹ್ನದವರೆಗೆ ಬಂದು ಕೂತು ನೋಡಿ, ಆಮೇಲೆ ಹೇಳುತ್ತೇನೆ ಅಂದರು.

ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಸಿಟ್ಟು ಅವರ ಮೇಲಲ್ಲ, ಅವರು ಹೇಳಿದ್ದು ಸರಿಯಾಗಿತ್ತು ಅನ್ನುವುದರ ಮೇಲೆ. ಯಜಮಾನರು ಸುಮ್ಮನೆ ಪೇಪರಿನ ಹಿಂದೆ ಅಡಗಿಕೊಂಡರು. ಮಗಳು ಮಾತ್ರ ಹತ್ತಿರ ಬಂದು, "ಅಬೌಟ್ ಅಂತ ಹೇಳಮ್ಮ ಇನ್ಮೇಲೆ. ಕರೆಕ್ಟಾಗಿ ಗೊತ್ತಿಲ್ಲ, ಆದ್ರೆ ಇಷ್ಟಂತೂ ಗೊತ್ತು ಅಂದಂಗಾಗುತ್ತೆ" ಅಂದಳು.

ಸೋಮವಾರ ಕೌಂಟರಿನಲ್ಲಿ ಕೂತೆ. ಹೊತ್ತು ಏರಿದರೂ ಡಾಕ್ಟರು ಆಪರೇಷನ್ ಥಿಯೇಟರಿನಿಂದ ಹೊರಗೆ ಬರಲಿಲ್ಲ. ಬೆಂಚಿನ ತುಂಬ ಜನ. ಸಿ.ಎಸ್. ಪುರದ ಕಡೆಯಿಂದ ಬಂದ ಅಜ್ಜಿಯೊಬ್ಬರು ಸೊಸೆಯ ಜೊತೆ ಕೂತಿದ್ದರು. ಸೊಸೆ ತುಂಬು ಬಸುರಿ, ಮುಖ ಬಾಡಿತ್ತು. ಅವಳು ಎದ್ದು ಬಾಗಿಲ ಕಡೆ ನೋಡಿದಾಗಲೆಲ್ಲ ಅಜ್ಜಿ "ಬಂದ್ಬುಡ್ತಾರೆ, ಕೂತ್ಕಳವ್ವ" ಅಂತ ಸೆರಗು ಹಿಡಿದು ಕೂರಿಸುತ್ತಿದ್ದರು. ಅಷ್ಟರಲ್ಲಿ ಇಸ್ತ್ರಿ ಶರ್ಟಿನ ಒಬ್ಬರು ಬಂದು, ಇನ್ನೆಷ್ಟು ಹೊತ್ತು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಿಯರ್ಲಿ ಅನ್ನುವುದು ತುಟಿಗೇ ಬಂದಿತ್ತು. ನುಂಗಿಕೊಂಡು ಥಿಯೇಟರಿಗೆ ಫೋನ್ ಮಾಡಿದೆ. ಒಂದು ಗಂಟೆ ಹಿಡಿಯಬಹುದು ಅಂದರು ನರ್ಸು.

"ಅಬೌಟ್ ಒನ್ ಅವರ್, ಸರ್. ಮೇ ಬಿ ಮೋರ್."

"ಒನ್ ಅವರ್?" ಅಂತ ಅವರು ಏರಿದ ದನಿಯಲ್ಲಿ ಏನೇನೋ ಅಂದರು. ಅರ್ಧ ಅರ್ಥವಾಯಿತು, ಅದೇ ಸಾಕಾಯಿತು. ಎದ್ದು ನಿಂತು ಬೆಂಚಿನವರಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಹೇಳಿದೆ. "ಡಾಕ್ಟ್ರು ಬರೋದು ಇನ್ನೊಂದು ಗಂಟೆ ಆಗುತ್ತೆ, ಜಾಸ್ತಿನೂ ಆಗ್ಬೋದು. ಲ್ಯಾಬ್ ಪಕ್ಕದಲ್ಲೇ ಕ್ಯಾಂಟೀನ್ ಇದೆ, ಏನಾದ್ರೂ ತಿನ್ಕೊಂಡು ಬನ್ನಿ. ನಿಮ್ಮ ಸರದಿ ಎಲ್ಲೂ ಹೋಗಲ್ಲ, ನಾನು ನೋಡ್ಕೋತೀನಿ."

ಗೊಣಗಿಕೊಂಡೇ ಒಬ್ಬೊಬ್ಬರೂ ಎದ್ದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗೇಯ? ಮೊದ್ಲೇ ಹೇಳಿದ್ರೆ ಈ ಮಗೀಗೆ ಎರಡ್ ಇಡ್ಲಿನಾದ್ರೂ ತಿನ್ನುಸ್ತಿದ್ದೆ" ಅಂತ ಸೊಸೆಯನ್ನು ನಡೆಸಿಕೊಂಡು ಹೋದರು. ಇಸ್ತ್ರಿ ಶರ್ಟಿನವರೂ ಗಡಿಯಾರ ನೋಡಿಕೊಂಡು ಅದೇ ಕಡೆ ಹೊರಟರು.

ಆಗಲೇ ಮ್ಯಾನೇಜರ್ ಬಂದರು. ಬೆಂಚು ಪೂರಾ ಖಾಲಿ. ಪೇಷಂಟುಗಳೆಲ್ಲ ಎಲ್ಲಿ ಅಂತ ಕೇಳಿದರು. ಮುಗೀತು ನನ್ನ ಕಥೆ ಅಂದುಕೊಂಡೆ.

"ತಿಂಡಿಗೆ ಕಳ್ಸಿದೀನಿ ಮೇಡಂ. ಬರ್ತಾರೆ."

ಅವರು ಗಡಿಯಾರ ನೋಡಿ ಒಳಗೆ ಹೋದರು. ಕುರ್ಚಿಯಲ್ಲಿ ಕೂತು ಬಾಗಿಲು ನೋಡುತ್ತಾ ಇದ್ದೆ. ಒಬ್ಬರೂ ವಾಪಸ್ ಬರದಿದ್ದರೆ ಏನು ಗತಿ? ಮೊದಲು ಬಂದದ್ದು ಅಜ್ಜಿ, ಬಾಯಲ್ಲಿ ಎಲೆಅಡಿಕೆ. ಸೊಸೆಯ ಮುಖಕ್ಕೆ ಕಳೆ ಬಂದಿತ್ತು. ಅವರ ಹಿಂದೆ ಉಳಿದವರೂ ಬಂದು ಬೆಂಚು ಮತ್ತೆ ತುಂಬಿತು. ಡಾಕ್ಟರು ಬಂದಾಗ ಒಂದು ಗಂಟೆಯ ಮೇಲೆ ಇನ್ನೂ ಸ್ವಲ್ಪ ಆಗಿತ್ತು. ಯಾರೂ ಜಗಳ ತೆಗೆಯಲಿಲ್ಲ. ನಾನು ಒಬ್ಬೊಬ್ಬರನ್ನೇ ಸರದಿಯ ಪ್ರಕಾರ ಒಳಗೆ ಬಿಡುತ್ತಾ ಹೋದೆ. ಆ ಗಲಾಟೆಯಲ್ಲಿ ಮಧ್ಯಾಹ್ನ ದಾಟಿದ್ದು ಗೊತ್ತೇ ಆಗಲಿಲ್ಲ.

ಮ್ಯಾನೇಜರ್ ಕೌಂಟರಿಗೆ ಬಂದು ನಿಂತು, ಎಂದಿನಿಂದ ಕೆಲಸಕ್ಕೆ ಬರ್ತೀರಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಕಲಿಸಿದ ಒಂದು ಪದವೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

"ಕೂತೇ ಇದೀನಲ್ಲ ಮೇಡಂ," ಅಂದೆ.